ಸುಡದೆ ಉಳಿದ ಗ್ಯಾಸ್ ಎಷ್ಟು? ಕ್ಯಾಟಲಿಟಿಕ್ ಹೀಟರ್ ಪರೀಕ್ಷಿಸುವ ಬಗೆ

ಕ್ಯಾಟಲಿಟಿಕ್ ಗ್ಯಾಸ್ ಹೀಟರ್‌ನಲ್ಲಿ ಉರಿ ಕಾಣುವುದಿಲ್ಲ. ಪ್ಲಾಟಿನಂ ಲೇಪಿಸಿದ ನಾರಿನ ಪ್ಯಾಡ್ ಮೇಲೆ ಗ್ಯಾಸ್ ಆಮ್ಲಜನಕದ ಜೊತೆ ಸೇರಿ ಬಿಸಿ ಕೊಡುತ್ತದೆ. ತೊಂದರೆಯೂ ಅಲ್ಲೇ ಇದೆ. ಒಲೆಯಾದರೆ ಉರಿಯ ಬಣ್ಣ ನೋಡಿದರೆ ಸಾಕು, ಅಲ್ವಾ? ಇಲ್ಲಿ ಗ್ಯಾಸ್ ಸುಡದೆ ಹಾಗೇ ದಾಟಿಹೋದರೂ ಕಣ್ಣಿಗೆ ಗೊತ್ತಾಗದು. ಅಳೆದೇ ನೋಡಬೇಕು.

ಹೀಟರನ್ನು ಮುಚ್ಚಿದ ಚೇಂಬರಿನಲ್ಲಿಡಿ. ಗಂಟೆಗೆ ಎಷ್ಟು ಹೊಸ ಗಾಳಿ ಒಳಬರುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಗಾಳಿ ಕಲೆಸಲು ಸಣ್ಣ ಫ್ಯಾನ್ ಇರಲಿ. ಆದರೆ ಅದು ಪ್ಯಾಡ್‌ಗೆ ನೇರವಾಗಿ ಬೀಸಬಾರದು. ಪ್ಯಾಡ್ ತಣ್ಣಗಾದರೆ ಇಲ್ಲದ ದೋಷ ಹೀಟರ್ ಮೇಲೆ ಬರುತ್ತದೆ. ಪ್ರೊಪೇನ್ ಸಿಲಿಂಡರನ್ನು ತಕ್ಕಡಿಯ ಮೇಲಿಡಿ. ಗಾಳಿಯಲ್ಲಿ ಪ್ರೊಪೇನ್ ಸುಮಾರು 2.1% ಮುಟ್ಟಿದರೆ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಅದರ ಹತ್ತನೇ ಒಂದು ಪಾಲಿಗೇ ಗ್ಯಾಸ್ ನಿಲ್ಲುವಂತೆ ಅಲಾರಂ ಹೊಂದಿಸಿ.

ಸುಡದ ಗ್ಯಾಸ್ ಅಳೆಯಲು ಎಫ್‌ಐಡಿ (ಫ್ಲೇಮ್ ಅಯಾನೈಸೇಷನ್ ಡಿಟೆಕ್ಟರ್) ಉಪಕರಣ ಬೇಕು. ಅದು ಸ್ಯಾಂಪಲನ್ನು ಹೈಡ್ರೋಜನ್ ಉರಿಯಲ್ಲಿ ಸುಟ್ಟು, ಹುಟ್ಟುವ ವಿದ್ಯುತ್ತನ್ನು ಅಳೆಯುತ್ತದೆ. ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್‌ಗೆ ಇನ್‌ಫ್ರಾರೆಡ್ ಮೀಟರ್. ಆಮ್ಲಜನಕಕ್ಕೆ ಬೇರೆಯದು. ಪ್ರತಿ ಪರೀಕ್ಷೆಯ ಮುಂಚೆಯೂ ಆಮೇಲೂ ಇವನ್ನೆಲ್ಲ ಅಳತೆ ಗೊತ್ತಿರುವ ಗ್ಯಾಸಿನಿಂದ ಸರಿನೋಡಿ.

ವಾಲ್ವ್ ತೆರೆದ ಕ್ಷಣದಿಂದಲೇ ದಾಖಲೆ ಶುರುವಾಗಲಿ. ಹೀಟರ್ ಬಿಸಿಯಾದ ಮೇಲೆ ಅಳೆದರೆ ಸಾಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಣ್ಣಗಿನ ಪ್ಯಾಡ್ ಗ್ಯಾಸನ್ನು ಸುಡಲಾರದು. ಜಾಸ್ತಿ ಗ್ಯಾಸ್ ಹೊರಹೋಗುವುದೇ ಆಗ. ಬಳಸುವವರು ಹೀಟರ್ ಪಕ್ಕದಲ್ಲೇ ಕೂತಿರುವುದೂ ಆಗಲೇ.

ಈಗ ಲೆಕ್ಕ. ಪ್ರೊಪೇನಿನ ಒಂದು ಅಣುವಿನಲ್ಲಿ 3 ಕಾರ್ಬನ್. ಹೀಟರ್ ಚೆನ್ನಾಗಿ ಬಿಸಿಯಾದ ಮೇಲೆ ಗಾಳಿಯಲ್ಲಿ ಪ್ರೊಪೇನ್ 50 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 50 ಪಾಲು) ಸಿಕ್ಕಿತು ಅನ್ನಿ. ಕಾರ್ಬನ್ ಲೆಕ್ಕದಲ್ಲಿ ಅದು 150. ಹೊರಗಾಳಿಯದನ್ನು ಕಳೆದು ಡೈಆಕ್ಸೈಡ್ 3000, ಮಾನಾಕ್ಸೈಡ್ 10. ಒಟ್ಟು 3160. ಅದರಲ್ಲಿ 150 ಅಂದರೆ ಸುಮಾರು 4.7% ಇಂಧನ ಸುಡದೆ ಹೋಗಿದೆ. ಇದನ್ನು ತಕ್ಕಡಿಯೊಂದಿಗೆ ತಾಳೆ ನೋಡಿ: 100 ಗ್ರಾಂ ಪ್ರೊಪೇನ್ ಪೂರ್ತಿ ಸುಟ್ಟರೆ 300 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರಬೇಕು. ಗಾಳಿಯ ಹರಿವಿನಿಂದ ಲೆಕ್ಕ ಹಾಕಿದ ಒಟ್ಟು ಕಾರ್ಬನ್ ಇದಕ್ಕೆ ಹೊಂದದಿದ್ದರೆ ಹೀಟರನ್ನು ದೂರಬೇಡಿ. ಚೇಂಬರ್ ಎಲ್ಲೋ ಸೋರುತ್ತಿರಬಹುದು.

ಕೊನೆಗೆ, ಹೊಸಗಾಳಿ ಕಡಿಮೆ ಮಾಡಿ ಇದೇ ಪರೀಕ್ಷೆ ಮತ್ತೆ ಮಾಡಿ. ಆಮ್ಲಜನಕ 20.9%ರಿಂದ ಇಳಿಯುತ್ತಾ ಹೋದಂತೆ ಸುಡದ ಗ್ಯಾಸ್ ಹೇಗೆ ಬದಲಾಗುತ್ತದೆ ಎಂದು ಪಕ್ಕದಲ್ಲೇ ಬರೆಯಿರಿ. ಗಂಧಕ, ಸಿಲಿಕೋನ್ ಆವಿ ತಗುಲಿದ ಪ್ಯಾಡ್ ದುರ್ಬಲವಾಗುತ್ತದೆ. ಹಾಗಾಗಿ ನೂರಾರು ಗಂಟೆ ಬಳಸಿದ ಹೀಟರನ್ನೂ ಇದೇ ಚೇಂಬರಿನಲ್ಲಿ ಇಟ್ಟು ನೋಡಬೇಕು.