ಪಂಚಾಂಗ ನೋಡಿ ಟೆಂಟ್ ಹಾಕಿದ್ದು: ಅಕೇಡಿಯಾದಲ್ಲಿ ನಾಲ್ಕು ರಾತ್ರಿ

ಅಮೆರಿಕದ ಮೇನ್ ರಾಜ್ಯದ ಮೌಂಟ್ ಡೆಸರ್ಟ್ ದ್ವೀಪಕ್ಕೆ ನಾವು ಎರಡು ಸಲ ಹೋಗಿದ್ದೇವೆ. ಅಕೇಡಿಯಾ ನ್ಯಾಷನಲ್ ಪಾರ್ಕಿನ ಬಹುಭಾಗ ಇರುವುದು ಈ ದ್ವೀಪದಲ್ಲೇ. ಬಾಸ್ಟನ್ನಿನಿಂದ ಕಾರಿನಲ್ಲಿ ಐದು ಗಂಟೆ, ಕೊನೆಗೆ ಒಂದು ಚಿಕ್ಕ ಸೇತುವೆ ದಾಟಿದರೆ ದ್ವೀಪ. ಮೊದಲ ಸಲ ರಜೆ ಸಿಕ್ಕ ವಾರ ಹೊರಟುಬಿಟ್ಟೆವು. ಅಲೆ ನುಗ್ಗಿದಾಗ ಗುಡುಗುವ ಬಂಡೆಯ ಸೀಳು ಥಂಡರ್ ಹೋಲ್, ಅದನ್ನು ನೋಡಲು ಹೋದಾಗ ಇಳಿತ. ಸೀಳಿನ ತಳದಲ್ಲಿ ನೀರು ಸುಮ್ಮನೆ ಮಲಗಿತ್ತು. ಇಳಿತದಲ್ಲಿ ಮಾತ್ರ ನಡೆದು ಹೋಗಬಹುದಾದ ಚಿಕ್ಕ ದ್ವೀಪ ಬಾರ್ ಐಲ್ಯಾಂಡಿಗೆ ನಡೆಯೋಣವೆಂದು ಬಾರ್ ಹಾರ್ಬರ್ ಊರಿಗೆ ಹೋದರೆ ಅಲ್ಲಿ ಭರತ, ದಾರಿಯೇ ನೀರಿನಡಿ. ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದವಳು ನಾನು. ಸಮುದ್ರದ ಹೊತ್ತು ನೋಡದೆ ಹೊರಟದ್ದಕ್ಕೆ ನನಗೇ ಬೇಸರವಾಯಿತು.

ನಮ್ಮೂರಿನಲ್ಲಿ ಭರತಕ್ಕೂ ಇಳಿತಕ್ಕೂ ಆಳೆತ್ತರದ ವ್ಯತ್ಯಾಸವೂ ಕಷ್ಟ. ಇಲ್ಲಿ 10ರಿಂದ 12 ಅಡಿ. ಆರು ಗಂಟೆಯಲ್ಲಿ ಅಷ್ಟು ನೀರು ಏರುತ್ತದೆ, ಮತ್ತೆ ಆರು ಗಂಟೆಯಲ್ಲಿ ಇಳಿಯುತ್ತದೆ. ದಿನಕ್ಕೆ ಸುಮಾರು 50 ನಿಮಿಷ ಹೊತ್ತು ಮುಂದೆ ಹೋಗುತ್ತದೆ. ಹೀಗಾಗಿ ಈ ದ್ವೀಪದಲ್ಲಿ ಎಲ್ಲಿಗೆ ಯಾವಾಗ ಹೋಗಬೇಕೆಂದು ಹೇಳುವುದು ಗಡಿಯಾರವಲ್ಲ, ನೀರು.

ಎರಡನೇ ಸಲ ಅಮ್ಮ ಊರಿನಿಂದ ಬಂದಿದ್ದರು. ಆಗಸ್ಟಿನ ತಾರೀಖು ಆರಿಸುವಾಗ ಪಂಚಾಂಗ ತೆಗೆದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಾದರೆ ಅಲ್ಲಿ ಇಳಿತ ಬೀಳುವುದು ನಸುಕಿಗೆ ಮತ್ತು ಸಂಜೆಗೆ. ಮಕ್ಕಳನ್ನು ಕಟ್ಟಿಕೊಂಡವರಿಗೆ ಅದು ಕಷ್ಟ. ಅಮಾವಾಸ್ಯೆ ಕಳೆದು ಐದಾರು ದಿನವಾದರೆ ಇಳಿತ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಬರುತ್ತದೆ, ರಾತ್ರಿ ಚಂದ್ರ ಬೇಗ ಮುಳುಗಿ ಆಕಾಶಗಂಗೆಯೂ ಕಾಣುತ್ತದೆ. ಅಂದರೆ ನಾಗರ ಪಂಚಮಿಯ ಆಸುಪಾಸು. ಹಬ್ಬವನ್ನು ಮನೆಯಲ್ಲೇ ಮುಗಿಸಿ, ಕುಂಡದಲ್ಲಿ ಬೆಳೆದ ಅರಸಿನ ಎಲೆಯ ಕಡುಬನ್ನು ಡಬ್ಬಿಗೆ ತುಂಬಿಕೊಂಡು ಹೊರಟೆವು.

ಉಳಿದದ್ದು ಸೀವಾಲ್ ಕ್ಯಾಂಪ್‌ಗ್ರೌಂಡಿನಲ್ಲಿ. ಹೆಚ್ಚಿನವರು ಬಾರ್ ಹಾರ್ಬರಿಗೆ ಹತ್ತಿರವೆಂದು ಬ್ಲ್ಯಾಕ್‌ವುಡ್ಸ್ ಕ್ಯಾಂಪ್‌ಗ್ರೌಂಡ್ ಹಿಡಿಯುತ್ತಾರೆ. ನನಗೆ ಪಶ್ಚಿಮದ ಈ ಶಾಂತ ಮಗ್ಗುಲೇ ಇಷ್ಟ. 1947ರ ಅಕ್ಟೋಬರಿನ ಕಾಡ್ಗಿಚ್ಚು ದ್ವೀಪದ ಪೂರ್ವ ಭಾಗದಲ್ಲಿ 17 ಸಾವಿರ ಎಕರೆಗೂ ಹೆಚ್ಚು ಸುಟ್ಟಿತು. ಸುಟ್ಟ ನೆಲದಲ್ಲಿ ಬರ್ಚ್, ಆಸ್ಪೆನ್ ಮರಗಳು ಎದ್ದಿವೆ. ಬೆಂಕಿ ಮುಟ್ಟದ ಈ ಕಡೆ ಸ್ಪ್ರೂಸ್ ಕಾಡು ದಟ್ಟವಾಗಿ ಉಳಿದಿದೆ. ಜಾಗವನ್ನು ತಿಂಗಳುಗಟ್ಟಲೆ ಮುಂಚೆ ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು. ಶೌಚಾಲಯ, ನಲ್ಲಿ ನೀರು ಉಂಟು. ಸ್ನಾನಕ್ಕೆ ಹೊರಗೆ ದುಡ್ಡು ಕೊಟ್ಟು ಹೋಗಬೇಕು. ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಅದರ ಜೊತೆ ಮರ ಕೊರೆಯುವ ಹುಳ ಬರುತ್ತದೆಂದು ಹೊರ ರಾಜ್ಯದ ಸೌದೆಗೆ ನಿಷೇಧವಿದೆ, ಅಲ್ಲೇ ದಾರಿ ಬದಿಯಲ್ಲಿ ಕೊಳ್ಳಬಹುದು.

ಟೆಂಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಸಲ ಕೆಳಗೆ ಹಾಸಿದ್ದ ಟಾರ್ಪಾಲು ಟೆಂಟಿಗಿಂತ ಒಂದು ಗೇಣು ಹೊರಗೆ ಚಾಚಿತ್ತು. ರಾತ್ರಿ ಮಳೆ ಬಂತು. ಮೇಲಿನ ಹೊದಿಕೆಯಿಂದ ಇಳಿದ ನೀರು ಆ ಅಂಚಿಗೆ ಬಿದ್ದು, ಟಾರ್ಪಾಲಿನ ಮೇಲೆಯೇ ಹರಿದು ನಮ್ಮ ಬೆನ್ನಡಿಗೆ ಬಂದು ನಿಂತಿತು. ಬೆಳಿಗ್ಗೆ ಮಗಳ ಸ್ಲೀಪಿಂಗ್ ಬ್ಯಾಗ್ ಹಿಂಡಿದರೆ ನೀರು. ಈ ಸಲ ಅಂಚನ್ನು ನಾಲ್ಕೂ ಕಡೆ ಒಳಕ್ಕೆ ಮಡಚಿ, ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಾಗಿಸಿದೆ. ಎರಡನೇ ರಾತ್ರಿ ಚೆನ್ನಾಗಿ ಮಳೆ ಸುರಿದರೂ ಒಳಗೆ ಒಂದು ಹನಿ ಇಲ್ಲ.

ಆಗಸ್ಟಿನಲ್ಲೂ ಅಲ್ಲಿ ರಾತ್ರಿ ಚಳಿ, ಬೆಳಿಗ್ಗೆ ಮಂಜು. ಅಮ್ಮನಿಗೆ ಕುಚ್ಚಲಕ್ಕಿ ಗಂಜಿಯೇ ಆಗಬೇಕು, ಚಿಕ್ಕ ಗ್ಯಾಸ್ ಒಲೆಯಲ್ಲಿ ಅದು ಬೇಯಲು ಗಂಟೆಗಟ್ಟಲೆ ಬೇಕು. ಅವರೇ ದಾರಿ ಕಂಡುಕೊಂಡರು. ಸಂಜೆ ನೆನೆಹಾಕಿದ ಅಕ್ಕಿಯನ್ನು ರಾತ್ರಿ ಹದಿನೈದು ನಿಮಿಷ ಕುದಿಸಿ, ಪಾತ್ರೆಯ ಬಾಯಿ ಬಿಗಿದು, ಹಳೆ ಕಂಬಳಿಯಲ್ಲಿ ಸುತ್ತಿ ಕಾರಿನೊಳಗೆ ಇಟ್ಟರು. ರಕೂನ್‌ಗಳ ಕಾಟದಿಂದ ಊಟದ ಸಾಮಾನು ಹೇಗೂ ಕಾರಿನಲ್ಲೇ ಇರಬೇಕು. ಬೆಳಿಗ್ಗೆ ಅಗುಳು ಅರಳಿತ್ತು. ಇನ್ನೊಂದು ಕುದಿ ಬರಿಸಿ, ಮಿಡಿ ಉಪ್ಪಿನಕಾಯಿ ಹಾಕಿಕೊಂಡು ಉಂಡೆವು.

ಷಷ್ಠಿಯ ದಿನ ಇಳಿತ ಹತ್ತರ ಸುಮಾರಿಗೆ. ಅದರ ಹಿಂದೆ ಒಂದೂವರೆ ಗಂಟೆ, ಮುಂದೆ ಒಂದೂವರೆ ಗಂಟೆ ಬಾರ್ ಐಲ್ಯಾಂಡಿನ ಜಲ್ಲಿ ದಾರಿ ತೆರೆದಿರುತ್ತದೆ. ಒಂಬತ್ತಕ್ಕೇ ಇಳಿದೆವು. ಮಗಳು ಕಲ್ಲಿನ ಬುಡದ ನೀರಿನಲ್ಲಿ ಏಡಿ ಹುಡುಕುತ್ತ ಕುಳಿತಳು. ನಾನು ಫೋನಿನಲ್ಲಿ ಹೊತ್ತು ನೋಡುತ್ತಿದ್ದೆ, ಅಮ್ಮ ನೆಲ ನೋಡುತ್ತಿದ್ದರು. ಜಲ್ಲಿಯ ಮೇಲೆ ಯಾವುದೋ ಕಾರಿನ ಚಕ್ರದ ಗುರುತಿತ್ತು. ಆ ಗೆರೆಯೊಳಗೆ ಬೆರಳಗಲದ ನೀರು ನಿಂತಿತ್ತು, ಅದರಲ್ಲಿ ಒಂದು ಕಡಲಪಾಚಿಯ ಎಳೆ. ಅಷ್ಟು ಹೊತ್ತು ಸಮುದ್ರದ ಕಡೆ ತಿರುಗಿದ್ದ ಎಳೆ ಮೆಲ್ಲಗೆ ದಡದ ಕಡೆ ಹೊರಳಿತು.

"ಹೆಣೆ, ಭರ್ತ ಶುರು ಆಯ್ತ್. ಮಗಿನ್ ಕರಿ" ಅಂದರು ಅಮ್ಮ.

ಫೋನಿನ ಲೆಕ್ಕದಲ್ಲಿ ದಾರಿ ಮುಚ್ಚಲು ಇನ್ನೂ ಅರ್ಧ ಗಂಟೆ ಇತ್ತು. ಆದರೂ ಹೊರಟೆವು. ನಾವು ಮೇಲೆ ಬಂದು ಕಾಲಿನ ಮರಳು ಒರೆಸಿಕೊಳ್ಳುವಷ್ಟರಲ್ಲಿ ನಡುದಾರಿಯ ತಗ್ಗಿನಲ್ಲಿ ನೀರು ಎರಡೂ ಕಡೆಯಿಂದ ಬಂದು ಕೂಡಿತ್ತು. ಹಿಂದೆ ಉಳಿದವರು ಶೂ ಕೈಯಲ್ಲಿ ಹಿಡಿದು ಮೊಣಕಾಲು ನೀರಿನಲ್ಲಿ ಬರುತ್ತಿದ್ದರು. ನೀರು ಎಷ್ಟು ತಣ್ಣಗಿದೆಯೆಂದು ಅವರ ಮುಖದಲ್ಲೇ ಕಾಣುತ್ತಿತ್ತು.

ಮಧ್ಯಾಹ್ನ ಥಂಡರ್ ಹೋಲ್. ಭರತ ತುಂಬುವುದಕ್ಕೆ ಒಂದೆರಡು ಗಂಟೆ ಮೊದಲು ಹೋಗಬೇಕು, ಹಾಗೇ ಹೋದೆವು. ಅಲೆ ಸೀಳಿನೊಳಗೆ ನುಗ್ಗಿ ಗಾಳಿಯನ್ನು ಅಮುಕಿದಾಗ ಗುಡುಗಿನ ಸದ್ದು ಮೊದಲು ಎದೆಗೆ ಬರುತ್ತದೆ, ಆಮೇಲೆ ಕಿವಿಗೆ. ದ್ವೀಪದೊಳಗಿನ ಐಲ್ಯಾಂಡ್ ಎಕ್ಸ್‌ಪ್ಲೋರರ್ ಬಸ್ಸು ಪುಕ್ಕಟೆ. ಪಾರ್ಕಿಂಗ್ ಹುಡುಕುವ ತಾಪತ್ರಯವಿಲ್ಲ, ನನ್ನ ಕೇಳಿದರೆ ಅದೇ ಒಳ್ಳೆಯದು.

ಕ್ಯಾಡಿಲ್ಯಾಕ್ ಬೆಟ್ಟಕ್ಕೆ ಈ ಸಲ ಹೋಗಲಿಲ್ಲ. 1,530 ಅಡಿಯ ಆ ತುದಿಯಿಂದ ಸೂರ್ಯೋದಯ ನೋಡಲು ಕಾರಿಗೆ ಮುಂಗಡ ಟಿಕೆಟ್ ಬೇಕು, ನಮಗೆ ಸಿಗಲಿಲ್ಲ. ಕೊನೆಯ ದಿನ ನಸುಕಿನಲ್ಲಿ ಟೆಂಟಿನಿಂದ ನಡೆದು ಸೀವಾಲಿನ ಉರುಟು ಕಲ್ಲುಗಳ ಮೇಲೆ ಕುಳಿತೆವು. ಮಂಜು ಹರಿದು ಕಡಲು ಕೆಂಪಾಯಿತು. ಅಮ್ಮ ಉಳಿದಿದ್ದ ಗಂಜಿಯ ತಿಳಿಯನ್ನು ಫ್ಲಾಸ್ಕಿನಿಂದ ಬಗ್ಗಿಸಿ ಮೂವರಿಗೂ ಕೊಟ್ಟರು.