ಕಸ್ಸೀನೋದಲ್ಲಿ ಓದುವಾಗ ಶನಿವಾರ, ಭಾನುವಾರ ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು

ಇಟಲಿಯ ಕಸ್ಸೀನೋದಲ್ಲಿ ಎರಡು ವರ್ಷ ಓದು ಮುಗಿಸಿ ನಾನು ತುಮಕೂರಿಗೆ ವಾಪಸ್ ಬಂದಿದ್ದೇನೆ. ಈ ಸಲ ಅಲ್ಲಿಗೆ ಹೊರಟಿರುವ ಇಬ್ಬರು ಹೋದ ವಾರ ಬಟವಾಡಿಯ ನಮ್ಮ ಮನೆಗೆ ಬಂದಿದ್ದರು. ವೀಸಾ, ಬಾಡಿಗೆ ರೂಮು, ಸ್ಕಾಲರ್‌ಶಿಪ್ಪು ಎಲ್ಲ ಅವರೇ ವಿಚಾರಿಸಿಕೊಂಡಿದ್ದರು. ನನ್ನನ್ನು ಕೇಳಿದ್ದು ಒಂದೇ. ರಜಾ ದಿನ ಎಲ್ಲಿಗೆ ಹೋಗೋದು? ಒಬ್ಬರ ಫೋನಿನಲ್ಲಿ ಆಗಲೇ ಪಟ್ಟಿ ಸಿದ್ಧವಾಗಿತ್ತು: ಪ್ಯಾರಿಸ್, ಬಾರ್ಸಿಲೋನಾ, ಪ್ರಾಗ್, ಆಮ್‌ಸ್ಟರ್‌ಡ್ಯಾಮ್.

ಮೊದಲ ಆರು ತಿಂಗಳು ಆ ಪಟ್ಟಿ ಪಕ್ಕಕ್ಕಿಡಿ. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಕಸ್ಸೀನೋದಿಂದ ರೋಮ್‌ಗೆ ಹೋಗಿ, ಅಲ್ಲಿಂದ ಏರ್‌ಪೋರ್ಟ್ ಸೇರಿ, ಇಳಿದ ಊರಲ್ಲಿ ಹಾಸ್ಟೆಲ್ ಹಿಡಿದು, ಮರುದಿನ ಅದೇ ದಾರಿಯಲ್ಲಿ ವಾಪಸ್ ಬರುವಷ್ಟರಲ್ಲಿ ಎರಡು ದಿನದಲ್ಲಿ ಒಂದೂವರೆ ದಿನ ಬರೀ ಕಾಯುವುದರಲ್ಲೇ ಹೋಗಿರುತ್ತದೆ. ಮೊದಲು ನಿಮ್ಮ ಊರಿನ ರೈಲು ಮಾರ್ಗ ಕಲಿಯಿರಿ. ಬೆಳಿಗ್ಗೆ ಹೋಗಿ ರಾತ್ರಿ ನಿಮ್ಮ ಹಾಸಿಗೆಯಲ್ಲೇ ಮಲಗುವಂಥ ತಿರುಗಾಟ ಮಾಡಿ.

ತುಮಕೂರಿನವರಿಗೆ ಈ ಊರು ಬೇಗ ಒಗ್ಗುತ್ತದೆ. ರೋಮ್ ಮತ್ತು ನೇಪಲ್ಸ್ ಎಂಬ ಎರಡು ದೊಡ್ಡ ಊರುಗಳ ನಡುವೆ, ಹಳೇ ರೈಲು ಮಾರ್ಗದ ಮೇಲಿರುವ ಸಣ್ಣ ಊರು ಕಸ್ಸೀನೋ. ಬೆಳಿಗ್ಗೆ ತುಮಕೂರಿನಿಂದ ಬೆಂಗಳೂರಿಗೆ ಡಬ್ಬಿ ಹಿಡಿದು ಓಡುವವರನ್ನು ನೋಡಿದ್ದೀರಲ್ವಾ? ಅಲ್ಲೂ ಹಾಗೇ, ಬೆಳಗಿನ ರೈಲಿನಲ್ಲಿ ಅರ್ಧ ನಿದ್ದೆಯಲ್ಲಿ ರೋಮ್‌ಗೆ ಕೆಲಸಕ್ಕೆ ಹೋಗುವವರು. ನಮ್ಮ ದಾರಿ ಎಪ್ಪತ್ತು ಕಿಲೋಮೀಟರ್, ಅವರದು ನೂರ ಮೂವತ್ತರ ಹತ್ತಿರ. ಒಂದೂವರೆಯಿಂದ ಎರಡು ಗಂಟೆ ಪ್ರಯಾಣ.

ಮೊದಲ ಶನಿವಾರ ರೈಲೂ ಬೇಡ. ಊರಿನ ನೆತ್ತಿಯ ಮೇಲಿರುವ ಮೊಂತೆಕಸ್ಸೀನೋ ಮಠಕ್ಕೆ ನಡೆದು ಹೋಗಿ. ಕ್ರಿ.ಶ. 529ರ ಸುಮಾರಿಗೆ ಸಂತ ಬೆನೆಡಿಕ್ಟ್ ಕಟ್ಟಿದ ಮಠ ಅದು. ಬೆಟ್ಟ ಐನೂರು ಮೀಟರ್ ಚಿಲ್ಲರೆ ಎತ್ತರ. ಡಾಂಬರು ರಸ್ತೆ ಒಂಬತ್ತು ಕಿಲೋಮೀಟರ್ ಹತ್ತಿರ ಸುತ್ತಿ ಸುತ್ತಿ ಏರುತ್ತದೆ, ದೇವರಾಯನದುರ್ಗದ ತಿರುವುಗಳ ಹಾಗೇ. ಬಸ್ಸು ಇದೆ, ಆದರೆ ದಿನಕ್ಕೆ ಕೆಲವೇ. ಹತ್ತುವ ಮುಂಚೆಯೇ ಇಳಿಯುವ ಬಸ್ಸಿನ ಸಮಯ ಫೋಟೋ ತೆಗೆದಿಟ್ಟುಕೊಳ್ಳಿ. ಕಾಲು ಗಟ್ಟಿ ಇದ್ದರೆ ಹತ್ತುವಾಗ ನಡೆಯಿರಿ, ದಾರಿಯಲ್ಲಿ ಹಳೇ ರೋಮನ್ನರ ಬಯಲು ರಂಗಮಂದಿರವೂ ಸಿಗುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಇದು ಇಟಲಿಯ ಎಲ್ಲ ಚರ್ಚುಗಳಿಗೂ ಅನ್ವಯಿಸುತ್ತದೆ. ಬೇಸಿಗೆಯಲ್ಲೂ ಬ್ಯಾಗಿನಲ್ಲಿ ಒಂದು ಶಾಲು ಹಾಕಿಕೊಂಡರೆ ಚಿಂತೆ ಇಲ್ಲ.

ಇನ್ನೊಂದು ವಿಷಯ ನಮಗೆ ಕನ್ನಡದವರಿಗೆ ಖುಷಿ ಕೊಡುತ್ತದೆ. ಇಟಾಲಿಯನ್ ಆಡುಮಾತು ಬರಹಕ್ಕೆ ಇಳಿದ ಅತಿ ಹಳೆಯ ದಾಖಲೆಗಳಲ್ಲಿ ಒಂದು ಈ ಮಠದ ಸಂಗ್ರಹದಲ್ಲಿದೆ. ಅದು 960ರ ಒಂದು ಜಮೀನು ವ್ಯಾಜ್ಯದ ಸಾಕ್ಷಿ ಹೇಳಿಕೆ. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದ್ದು. ಇದನ್ನು ನನ್ನ ರೂಮಿನ ಇಟಾಲಿಯನ್ ಗೆಳೆಯನಿಗೆ ಹೇಳಿದಾಗ ಅವನು ಹಲ್ಮಿಡಿಯ ಫೋಟೋ ತೋರಿಸು ಅಂದ, ತೋರಿಸಿದೆ, ತುಂಬಾ ಹೊತ್ತು ಝೂಮ್ ಮಾಡಿ ನೋಡಿದ.

ಈಗ ರೈಲಿನ ವಿಷಯ. ಇದನ್ನು ಸರಿಯಾಗಿ ಕಲಿತರೆ ಉಳಿದದ್ದೆಲ್ಲ ಸುಲಭ. ಎರಡು ಬಗೆಯ ರೈಲುಗಳಿವೆ. ಫ್ರೆಚ್ಚಾರೋಸ್ಸಾ, ಇತಾಲೋ ಥರದ ವೇಗದ ರೈಲುಗಳ ದರ ವಿಮಾನದ ಹಾಗೆ ಏರಿ ಇಳಿಯುತ್ತದೆ, ಮುಂಚೆ ಬುಕ್ ಮಾಡಿದಷ್ಟು ಲಾಭ. 'ರೆಜೊನಾಲೆ' ಅನ್ನುವ ಪ್ರಾದೇಶಿಕ ರೈಲಿಗೆ ಒಂದೇ ದರ, ಹತ್ತು ನಿಮಿಷ ಮುಂಚೆ ಕೊಂಡರೂ ಅಷ್ಟೇ. ನಮಗೆ ಬೇಕಿರುವುದು ಇದೇ. ಆದರೆ ಪೇಪರ್ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರಂನ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಲೇಬೇಕು. ಟಿಕೆಟ್ ಕೊಂಡಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ. ಯಂತ್ರ ಕೆಟ್ಟಿದ್ದರೆ ಟಿಕೆಟ್ ಮೇಲೆ ಪೆನ್ನಿನಲ್ಲಿ ದಿನಾಂಕ, ಸಮಯ ಬರೆದು, ಹತ್ತಿದ ತಕ್ಷಣ ನೀವೇ ಕಂಡಕ್ಟರ್‌ನ ಹುಡುಕಿ ಹೇಳಿ. ಆ್ಯಪ್‌ನಲ್ಲಿ ಕೊಂಡರೆ ಹತ್ತುವ ಮುಂಚೆ 'ಚೆಕ್ ಇನ್' ಒತ್ತಬೇಕು. ಸಿಗ್ನಲ್ ಸಿಗದೆ ಒದ್ದಾಡುವ ಬದಲು ಸ್ಟೇಷನ್‌ನಲ್ಲೇ ನಿಂತು ಆ ಕೆಲಸ ಮುಗಿಸಿ.

ರೋಮ್‌ಗೆ ಹೋಗುವ ದಿನ 'ಬಿರ್ಗ್' ಎಂಬ ಒಂದು ದಿನದ ಟಿಕೆಟ್ ಲೆಕ್ಕ ಹಾಕಿ ನೋಡಿ. ರೋಮ್, ಕಸ್ಸೀನೋ ಎರಡೂ ಇರುವ ಲಾಜಿಯೋ ಪ್ರಾಂತ್ಯದೊಳಗೆ ಪ್ರಾದೇಶಿಕ ರೈಲು, ಪ್ರಾಂತ್ಯದ ಬಸ್ಸು, ರೋಮಿನ ಮೆಟ್ರೋ, ಸಿಟಿ ಬಸ್ಸು ಎಲ್ಲಕ್ಕೂ ಅದೊಂದೇ ಟಿಕೆಟ್, ಮಧ್ಯರಾತ್ರಿವರೆಗೆ ನಡೆಯುತ್ತದೆ. ಕಸ್ಸೀನೋದಿಂದ ಎಷ್ಟು ದರದ ವಲಯ ಬರುತ್ತದೆ ಅಂತ ಕೇಳಿ ಅದರದ್ದೇ ಕೊಳ್ಳಿ. ಇದರಲ್ಲಿ ಏರ್‌ಪೋರ್ಟ್‌ಗೆ ಹೋಗುವಂತಿಲ್ಲ. ದಕ್ಷಿಣಕ್ಕೆ ಕಂಪಾನಿಯಾ ಪ್ರಾಂತ್ಯದಲ್ಲೂ, ಅಂದರೆ ಕಸೆರ್ತಾ, ನೇಪಲ್ಸ್ ಕಡೆ, ಇದು ನಡೆಯುವುದಿಲ್ಲ.

ರೋಮ್‌ಗೆ ಶನಿವಾರವೇ ಹೋಗಿ. ಕಾರಣ ಇದೆ. ತೆರ್ಮಿನಿ ಸ್ಟೇಷನ್‌ನಿಂದ ಹತ್ತು ನಿಮಿಷ ನಡೆದರೆ ಎಸ್ಕ್ವಿಲೀನೋ ಮಾರುಕಟ್ಟೆ, ಪಕ್ಕದಲ್ಲೇ ಪಿಯಾತ್ಸಾ ವಿತ್ತೋರಿಯೋ ಸುತ್ತ ಬಾಂಗ್ಲಾದೇಶ, ಭಾರತದವರ ಅಂಗಡಿಗಳು. ತೊಗರಿಬೇಳೆ, ಹುಣಸೆಹಣ್ಣು, ಹಸಿಮೆಣಸಿನಕಾಯಿ, ಕೊತ್ತಂಬರಿ, ಎಲ್ಲ ಸಿಗುತ್ತದೆ. ಮಾರುಕಟ್ಟೆ ಭಾನುವಾರ ಮುಚ್ಚಿರುತ್ತದೆ. ಸಾಮಾನು ಕೊನೆಗೆ ಕೊಳ್ಳಿ, ಇಲ್ಲದಿದ್ದರೆ ಐದು ಕೇಜಿ ಅಕ್ಕಿ ಹೊತ್ತು ಕೊಲೋಸಿಯಂ ಸುತ್ತಬೇಕಾಗುತ್ತದೆ.

ರೋಮ್‌ನಲ್ಲಿ ದುಡ್ಡು ಕೊಡದೆ ನೋಡುವುದೇ ಬೇಕಾದಷ್ಟಿದೆ. ಸಾಂತಾ ಮರಿಯಾ ದೆಲ್ ಪೊಪೊಲೋ ಚರ್ಚಿನ ಒಂದು ಮೂಲೆಯ ಗುಡಿಯಲ್ಲಿ ಕರವಾಜ್ಜೋ ಬರೆದ ಎರಡು ಚಿತ್ರಗಳಿವೆ. ಟಿಕೆಟ್ ಇಲ್ಲ. ನಾನು ಹೋದಾಗ ಅಲ್ಲಿ ಕತ್ತಲೆ, ಏನೂ ಕಾಣುತ್ತಿರಲಿಲ್ಲ. ಒಬ್ಬ ಅಜ್ಜಿ ಗೋಡೆಯ ಡಬ್ಬಿಗೆ ನಾಣ್ಯ ಹಾಕಿದರು, ಟಕ್ ಅಂತ ದೀಪ ಹತ್ತಿತು, ಕುದುರೆಯಿಂದ ಬಿದ್ದು ಎರಡೂ ಕೈ ಮೇಲೆತ್ತಿದ, ಚಿತ್ರದೊಳಗಿನ ಸಂತ ಪೌಲನ ಮೇಲೆ ಬೆಳಕು ಬಿತ್ತು. ಒಂದೆರಡು ನಿಮಿಷಕ್ಕೆ ಮತ್ತೆ ಕತ್ತಲೆ. ನಾನೂ ನಾಣ್ಯ ಹಾಕಿದೆ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳಿ, ಮತ್ತೆ ಇಂಥ ಚರ್ಚುಗಳು ಮಧ್ಯಾಹ್ನ ಕೆಲ ಗಂಟೆ ಬಾಗಿಲು ಹಾಕುತ್ತವೆ, ಬೆಳಿಗ್ಗೆಯೇ ಹೋಗಿ. ನೀರಿನ ಬಾಟಲಿ ಕೊಳ್ಳಬೇಡಿ. ಬೀದಿ ಬೀದಿಯಲ್ಲಿ 'ನಾಸೋನೆ' ಎಂಬ ಕಬ್ಬಿಣದ ನಲ್ಲಿಗಳಿವೆ, ಕುಡಿಯುವ ನೀರೇ, ಬೇಸಿಗೆಯಲ್ಲೂ ತಣ್ಣಗೆ ಬರುತ್ತದೆ.

ತಿಂಗಳ ಮೊದಲ ಭಾನುವಾರ ಇಟಲಿಯ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹದಿನೆಂಟರಿಂದ ಇಪ್ಪತ್ತೈದು ವಯಸ್ಸಿನವರಿಗೆ ಎರಡು ಯೂರೋ ಅಂತ ಬೋರ್ಡು ನೋಡಿ ಖುಷಿಪಡಬೇಡಿ, ಆ ದರ ಮುಖ್ಯವಾಗಿ ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೆ. ಆದ್ದರಿಂದ ನಮಗೆ ಆ ಉಚಿತ ಭಾನುವಾರವೇ ಆಧಾರ. ಅಂಥ ಮೊದಲ ಭಾನುವಾರಕ್ಕೆ ಕಸೆರ್ತಾ ಅರಮನೆ ಹೇಳಿ ಮಾಡಿಸಿದ್ದು. ನಮ್ಮದೇ ರೈಲು ಮಾರ್ಗ, ಸ್ಟೇಷನ್‌ನಿಂದ ಹೊರಗೆ ಬಂದರೆ ಎದುರಿಗೇ ಅರಮನೆ. ವಾಸ್ತುಶಿಲ್ಪಿ ವನ್ವಿತೆಲ್ಲಿ 1752ರಲ್ಲಿ ಕಟ್ಟಲು ಶುರು ಮಾಡಿದ್ದು, ಸಾವಿರದ ಇನ್ನೂರು ಕೋಣೆಗಳು. ತೋಟ ಮೂರು ಕಿಲೋಮೀಟರ್ ಉದ್ದ, ಕೊನೆಯ ಜಲಪಾತದವರೆಗೂ ನಡೆಯಬೇಕು. ಒಳ್ಳೆ ಶೂ ಹಾಕಿಕೊಳ್ಳಿ. ಉಚಿತ ದಿನ ಅಂದರೆ ಜನ ಜಾಸ್ತಿ, ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಪೊಂಪೇಯಿಗೂ ಆ ಭಾನುವಾರ ಉಚಿತ, ಆದರೆ ಅದು ದೂರ. ನೇಪಲ್ಸ್‌ಗೆ ಹೋಗಿ, ಅಲ್ಲಿಂದ ಚಿರ್ಕುಮ್‌ವೆಸುವಿಯಾನಾ ಎಂಬ ಲೋಕಲ್ ರೈಲು ಹಿಡಿಯಬೇಕು. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಊರು ಅದು, ನೆರಳು ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ಬೇಡ, ಮಾರ್ಚ್ ಅಥವಾ ನವೆಂಬರ್ ಸರಿ.

ಸಮುದ್ರ ಬೇಕು ಅನಿಸಿದರೆ ಗಾಯೇತಾ. ಕಸ್ಸೀನೋದಿಂದ ನೀಲಿ ಬಸ್ಸಿನಲ್ಲಿ ಫೋರ್ಮಿಯಾ, ಅಲ್ಲಿಂದ ಗಾಯೇತಾ. ಸೆರಾಪೋ ಎಂಬ ಮರಳ ತೀರ, ಅದರ ತುದಿಗೆ ಬಂಡೆ ಸೀಳಿ ನಿಂತಿರುವ 'ಮೊಂತಾನ್ಯಾ ಸ್ಪಕ್ಕಾತಾ', ಅಂದರೆ ಸೀಳು ಬೆಟ್ಟ. ಬಸ್ ಟಿಕೆಟ್ 'ತಬಾಕ್ಕಿ' ಅನ್ನುವ, ಹೊರಗೆ ದೊಡ್ಡ ಟಿ ಅಕ್ಷರದ ಬೋರ್ಡಿರುವ ಅಂಗಡಿಯಲ್ಲಿ ಮೊದಲೇ ಕೊಳ್ಳಿ. ವಾಪಸ್ ಬರುವ ಟಿಕೆಟೂ ಆಗಲೇ ಕೊಳ್ಳಿ, ಯಾಕೆಂದರೆ ಭಾನುವಾರ ಸಂಜೆ ಆ ಅಂಗಡಿಗಳು ಮುಚ್ಚಿರುವುದೇ ಜಾಸ್ತಿ.

ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಬಸ್ಸಿನ ಬೋರ್ಡಿನಲ್ಲಿ 'ಫೆರಿಯಾಲೆ', 'ಫೆಸ್ತೀವೋ' ಎಂದು ಎರಡು ಪಟ್ಟಿ ಇರುತ್ತದೆ. ಫೆರಿಯಾಲೆ ಅಂದರೆ ಕೆಲಸದ ದಿನ, ಶನಿವಾರವೂ ಅದರಲ್ಲೇ ಬರುತ್ತದೆ. ಫೆಸ್ತೀವೋ ಅಂದರೆ ಭಾನುವಾರ ಮತ್ತು ಹಬ್ಬ. ಒಂದು ಭಾನುವಾರ ನಾನು ಫೆರಿಯಾಲೆ ಪಟ್ಟಿ ನೋಡಿಕೊಂಡು ಸಂಜೆ ಬಸ್ಸಿಗೆ ನಿಂತೆ. ಕತ್ತಲಾಯಿತು, ಬಸ್ಸು ಬರಲಿಲ್ಲ. ಹೇಗೋ ಫೋರ್ಮಿಯಾ ಸ್ಟೇಷನ್ ಸೇರಿ, ರೈಲಿನಲ್ಲಿ ರೋಮ್‌ವರೆಗೂ ಮೇಲೆ ಹೋಗಿ, ಅಲ್ಲಿಂದ ಕಸ್ಸೀನೋ ರೈಲು ಹಿಡಿದು ಕೆಳಗೆ ಬಂದೆ. ರೂಮು ಸೇರುವಾಗ ಮಧ್ಯರಾತ್ರಿ. ಅಷ್ಟು ಹೊತ್ತೂ ಅಮ್ಮ ತುಮಕೂರಿನಲ್ಲಿ ಫೋನ್ ಹಿಡಿದು ಎಚ್ಚರವಾಗಿದ್ದರು, ಇಲ್ಲಿ ಆಗ ಬೆಳಗಿನ ಜಾವ. ಅದಾದ ಮೇಲೆ ಎಲ್ಲಿಗೆ ಹೋದರೂ ಕೊನೆಯ ಬಸ್ಸನ್ನು ನಂಬದೆ, ಅದರ ಹಿಂದಿನ ಬಸ್ಸಿಗೇ ಹೊರಡುತ್ತಿದ್ದೆ.

'ಶೋಪೆರೋ' ಎಂಬ ಪದವನ್ನೂ ಕಲಿತಿರಿ. ಮುಷ್ಕರ. ಮುಂಚೆಯೇ ದಿನ ಹೇಳಿ ಮಾಡುತ್ತಾರೆ, ಹೊರಡುವ ಹಿಂದಿನ ರಾತ್ರಿ ನೆಟ್‌ನಲ್ಲಿ ಒಮ್ಮೆ ಹುಡುಕಿ. ಕೆಲಸದ ದಿನಗಳಲ್ಲಿ ಮುಷ್ಕರ ಇದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಮುಖ್ಯ ಪ್ರಾದೇಶಿಕ ರೈಲುಗಳು ಓಡುತ್ತವೆ. ಭಾನುವಾರಕ್ಕೆ ಆ ಭರವಸೆ ಇಲ್ಲ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ, ಅವತ್ತು ಫೋನಿನ ಸಮಯವನ್ನೇ ನಂಬಿ, ಗೋಡೆ ಗಡಿಯಾರವನ್ನಲ್ಲ.

ಊಟದ ಮಾತು. ನಮ್ಮ ಕಡೆಯ ತುಂಬಾ ಜನ ಶುದ್ಧ ಸಸ್ಯಾಹಾರಿಗಳು, ಅದಕ್ಕೆ ಬಿಡಿಸಿ ಹೇಳುತ್ತೇನೆ. ಪಾರ್ಮಿಜಾನೋ, ಪೆಕೊರೀನೋ ಚೀಸುಗಳಿಗೆ ಹಾಲು ಒಡೆಯಲು ಕರು, ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಮೊತ್ಸರೆಲ್ಲಾದಲ್ಲೂ ಸಾಮಾನ್ಯವಾಗಿ ಅದೇ. ಇಟಲಿಯವರು ಅದನ್ನು ಸಸ್ಯಾಹಾರ ಅಂತಲೇ ಕೊಡುತ್ತಾರೆ, ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಬೇಡ ಅನ್ನುವವರು ಪಿಜ್ಜಾ ಮರಿನಾರಾ ಕೇಳಿ. ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೋ, ಎಣ್ಣೆ ಅಷ್ಟೇ, ಚೀಸೇ ಇಲ್ಲ. ಬಹಳ ಕಡೆ ಅದೇ ಎಲ್ಲಕ್ಕಿಂತ ಅಗ್ಗ ಕೂಡ. ಇನ್ನೊಂದು, 'ಸ್ತ್ರುತ್ತೋ' ಅಂದರೆ ಹಂದಿ ಕೊಬ್ಬು. ನೇಪಲ್ಸ್ ಕಡೆಯ ತರಾಲ್ಲಿ ಎಂಬ ಖಾರದ ಗರಿಗರಿ ತಿಂಡಿಯಲ್ಲಿ, ಕೆಲವು ಬ್ರೆಡ್ಡುಗಳಲ್ಲಿ ಇರುತ್ತದೆ. 'ಚೆ ಸ್ತ್ರುತ್ತೋ?' ಎಂದು ಕೇಳಿದರೆ ಇದೆಯೋ ಇಲ್ಲವೋ ಹೇಳುತ್ತಾರೆ. ಮಧ್ಯಾಹ್ನ ಎರಡೂವರೆ ದಾಟಿದರೆ ಸಣ್ಣ ಊರುಗಳಲ್ಲಿ ಅಡುಗೆಮನೆಯೇ ಮುಚ್ಚುತ್ತದೆ. ಚಪಾತಿ, ಕೊಬ್ಬರಿ ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ತಿಪಟೂರು ಕೊಬ್ಬರಿ ಮನೆಯಿಂದಲೇ ತೆಗೆದುಕೊಂಡು ಹೋದರೆ ಮೊದಲ ಕೆಲ ತಿಂಗಳು ಚಿಂತೆ ಇಲ್ಲ. ಕಾಫಿ ನಿಂತು ಕುಡಿಯಿರಿ, ಕೂತರೆ ದರ ಬೇರೆ. ಏಪ್ರಿಲ್, ಮೇನಲ್ಲಿ ಸಂತೆಯಲ್ಲಿ 'ಫಾವೆ' ಎಂಬ ಹಸಿ ಕಾಳು ಬರುತ್ತದೆ, ಸಿಪ್ಪೆ ಸುಲಿದು ಹುಳಿ ಮಾಡಿದರೆ ಹಿತಕಿದವರೆ ನೆನಪಾಗುತ್ತದೆ. ಅದೇ ರುಚಿ ಅಲ್ಲ, ಆದರೆ ಹತ್ತಿರ.

ಪಾಸ್‌ಪೋರ್ಟು ಮತ್ತು ವಾಸದ ಪರ್ಮಿಟ್ಟು ಜೊತೆಗಿರಲಿ. ವೀಸಾ ಅವಧಿ ಮುಗಿದು ಪರ್ಮಿಟ್ ಬರುವವರೆಗೆ ಕೈಯಲ್ಲಿ ಬರೀ ಅಂಚೆ ಕಚೇರಿಯ ರಸೀದಿ ಇದ್ದರೆ ಬೇರೆ ದೇಶಕ್ಕೆ ಟಿಕೆಟ್ ಮಾಡಿಸಬೇಡಿ. ಇಟಲಿಯೊಳಗೆ ತಿರುಗಾಡಲು ಅಡ್ಡಿ ಇಲ್ಲ. ಪ್ಯಾರಿಸ್ ಪಟ್ಟಿಯನ್ನು ಆರು ತಿಂಗಳು ಪಕ್ಕಕ್ಕಿಡಿ ಅಂದಿದ್ದಕ್ಕೆ ಇದೂ ಒಂದು ಕಾರಣ.

ಕೊನೆಗೆ ಒಂದು ಜಾಗ. ಇದಕ್ಕೆ ಟಿಕೆಟ್ ಬೇಡ, ಸ್ಟೇಷನ್‌ನಿಂದ ನಡೆದೇ ಹೋಗಬಹುದು.

ಕಸ್ಸೀನೋಗೆ ಬಂದವರೆಲ್ಲ ಮೊದಲ ವಾರ ಬೇಜಾರು ಮಾಡಿಕೊಳ್ಳುತ್ತಾರೆ. ಇಟಲಿ ಅಂದರೆ ಕಲ್ಲು ಹಾಸಿದ ಹಳೇ ಬೀದಿಗಳು ಅಂದುಕೊಂಡಿದ್ದರೆ ಇಲ್ಲಿ ಬರೀ ಕಾಂಕ್ರೀಟ್ ಅಪಾರ್ಟ್‌ಮೆಂಟು. ಎರಡನೇ ಮಹಾಯುದ್ಧದಲ್ಲಿ, 1944ರ ಜನವರಿಯಿಂದ ಮೇವರೆಗೆ, ಇಲ್ಲಿ ನಾಲ್ಕು ಕದನ ನಡೆದು ಊರು ಪೂರ್ತಿ ನೆಲಸಮವಾಯಿತು. ಬೆಟ್ಟದ ಮಠದ ಮೇಲೂ ಫೆಬ್ರವರಿ 15ರಂದು ಬಾಂಬು ಬಿತ್ತು. ಈಗ ಕಾಣುವುದೆಲ್ಲ ಮತ್ತೆ ಕಟ್ಟಿದ್ದು. ಆ ಯುದ್ಧದಲ್ಲಿ ಭಾರತದ ಸೇನೆಯ ಎರಡು ಡಿವಿಷನ್‌ಗಳು, ಅಂದರೆ ದೊಡ್ಡ ತುಕಡಿಗಳು, ಇದ್ದವು, ನಾಲ್ಕನೆಯದು ಮತ್ತು ಎಂಟನೆಯದು. ಊರ ಅಂಚಿನ ಕಾಮನ್‌ವೆಲ್ತ್ ಸಮಾಧಿ ಭೂಮಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರಿದ್ದಾರೆ. ಮಧ್ಯದಲ್ಲಿ ಒಂದು ಕೊಳ, ಅದರ ಅಕ್ಕಪಕ್ಕ ಅಮೃತಶಿಲೆಯ ಕಂಬಗಳು. ಸಮಾಧಿಯೇ ಸಿಗದ ಇನ್ನೂ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಹೆಸರು ಅವುಗಳ ಮೇಲಿದೆ. ಮರಾಠಾ ಲೈಟ್ ಇನ್‌ಫೆಂಟ್ರಿ ಅನ್ನುವ ತಲೆಬರಹ ಹುಡುಕಿ. ಆ ಪಡೆಯ ಕೇಂದ್ರ ಇವತ್ತು ನಮ್ಮ ಬೆಳಗಾವಿಯಲ್ಲಿದೆ. ಅದರಡಿ ನಾಯಕ್ ಯಶವಂತ ಘಾಡ್ಗೆ ಅವರ ಹೆಸರಿದೆ. 1944ರ ಜುಲೈ 10ರಂದು ಟೈಬರ್ ಕಣಿವೆಯಲ್ಲಿ ತೀರಿಕೊಂಡವರು, ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರು. ನಾನು ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾ ಹೋದೆ. ಸಿಂಗ್, ಖಾನ್, ರಾಮ್, ಗುರುಂಗ್. ಕಲ್ಲು ಬಿಸಿಲಿಗೆ ಕಾದಿತ್ತು. ತಲೆ ಎತ್ತಿದರೆ ನೆಟ್ಟಗೆ ಎದುರಿಗೆ, ಬೆಟ್ಟದ ಮೇಲೆ, ಬೆಳ್ಳಗೆ ಮಠ.

ಅಲ್ಲಿಗೆ ಒಬ್ಬರೇ ಹೋಗಿ, ಅಥವಾ ಸುಮ್ನೆ ಇರಬಲ್ಲ ಗೆಳೆಯರ ಜೊತೆ. ಒಂದು ಗಂಟೆ ಸಾಕು. ಭೇಟಿ ಕೊಟ್ಟವರು ಬರೆಯಲು ಒಂದು ಪುಸ್ತಕ ಇಟ್ಟಿರುತ್ತಾರೆ. ಹೊರಡುವ ಮುಂಚೆ ಅದರಲ್ಲಿ ಹೆಸರು ಬರೆದು, ಊರಿನ ಜಾಗದಲ್ಲಿ ತುಮಕೂರು ಅಂತ ಕನ್ನಡದಲ್ಲೇ ಬರೆಯಿರಿ.