ಪ್ರಬಂಧದೊಳಗೇ ವ್ಯಾಕರಣ: ಹೈಸ್ಕೂಲು ಇಂಗ್ಲಿಷ್ ತರಗತಿಯ ನನ್ನ ಅನುಭವ

ಉಡುಪಿ ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್. ಶಂಕರಪುರದ ಆಸುಪಾಸಿನ ಮಕ್ಕಳು ಜಾಸ್ತಿ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಕೆಲವರದು ಬ್ಯಾರಿ. ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಅಂದರೆ ದಿನಕ್ಕೊಂದು ಪೀರಿಯಡ್, ಅಷ್ಟೇ. ಇವರೇ ಹತ್ತನೇ ತರಗತಿಯಲ್ಲಿ 80 ಅಂಕದ ಇಂಗ್ಲಿಷ್ ಪೇಪರ್ ಬರೆಯಬೇಕು. ಉಳಿದ 20 ಆಂತರಿಕ ಅಂಕ.

ಪ್ರಬಂಧ ಅಂದರೆ ಗೈಡ್ ನೋಡಿ ಬಾಯಿಪಾಠ ಮಾಡುವುದು ಅಂತ ಮಕ್ಕಳು ನಂಬಿರುತ್ತಾರೆ. ಪರಿಸರ ಮಾಲಿನ್ಯ, ಗ್ರಂಥಾಲಯದ ಉಪಯೋಗ, ಹೀಗೆ ನಾಲ್ಕೈದು ಪ್ರಬಂಧ ಉರು ಹೊಡೆದಿರುತ್ತಾರೆ. ಪ್ರಶ್ನೆ ಸ್ವಲ್ಪ ಆಚೀಚೆ ಆದರೆ ಪೆನ್ನು ನಿಂತೇ ಹೋಗುತ್ತದೆ. ವ್ಯಾಕರಣದ್ದೂ ಅದೇ ಕಥೆ. ಆಕ್ಟಿವ್ (ಕರ್ತರಿ) ವಾಕ್ಯ ಕೊಟ್ಟರೆ ಕರ್ಮಣಿ, ಅಂದರೆ ಪ್ಯಾಸಿವ್‌ಗೆ ತಿರುಗಿಸುತ್ತಾರೆ. ಆದರೆ ಅವರೇ ಬರೆದ ಪ್ರಬಂಧದಲ್ಲಿ ಒಂದು ಪ್ಯಾಸಿವ್ ವಾಕ್ಯವೂ ಇರುವುದಿಲ್ಲ. ಹಾಗಾಗಿ ನಾನು ಎರಡನ್ನೂ ಬೇರೆ ಬೇರೆ ಕಲಿಸುವುದನ್ನೇ ಬಿಟ್ಟೆ. ಮೊದಲು ಬರೆಯುವುದು. ಆ ಬರಹಕ್ಕೆ ಯಾವ ವ್ಯಾಕರಣ ಬೇಕೋ ಅದನ್ನು ಅವತ್ತೇ ಕಲಿಯುವುದು.

ಪ್ಯಾಸಿವ್ ವಾಯ್ಸ್‌ಗೆ ನಾನು ಹಿಡಿದದ್ದು ಮಲ್ಲಿಗೆಯನ್ನು. ನಮ್ಮ ಕಡೆ ಮನೆ ಮನೆಯಲ್ಲಿ ಮಲ್ಲಿಗೆ ಗಿಡ ಉಂಟು. ಬೆಳಿಗ್ಗೆ ಮೊಗ್ಗು ಕೊಯ್ದು, ಕಟ್ಟಿ, ಆಮೇಲೆ ಶಾಲೆಗೆ ಬರುವ ಹುಡುಗಿಯರಿದ್ದಾರೆ. ಮೊಗ್ಗಿನಿಂದ ಅಟ್ಟೆಯವರೆಗೆ, ಅಂದರೆ ಮಾರುವ ದೊಡ್ಡ ಕಟ್ಟಿನವರೆಗೆ, ಏನೇನು ಆಗುತ್ತದೆ ಹೇಳಿ ಅಂದೆ. ಇಂಗ್ಲಿಷಿನಲ್ಲಿ ಬೇಡ, ತುಳುವಿನಲ್ಲೇ ಹೇಳಿ ಅಂದೆ. ಯಾವತ್ತೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು ಎಲ್ಲ ಹೇಳಿದಳು. ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕು. ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರೇಟು ದಿನಾ ಶಂಕರಪುರದಲ್ಲಿ ನಿಗದಿಯಾಗುತ್ತದೆ.

ಇದನ್ನೇ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಶುರು ಮಾಡಿದೆವು. 'ದಿ ಬಡ್ಸ್ ಆರ್ ಪ್ಲಕ್ಡ್ ಇನ್ ದಿ ಮಾರ್ನಿಂಗ್.' ಕೂಡಲೇ ಒಬ್ಬ ಕೇಳಿದ, "ಟೀಚರ್, ಕೊಯ್ಯುವುದು ಯಾರು ಅಂತ ಬರೆಯುವುದು ಬೇಡ್ವಾ?" ನನಗೆ ಬೇಕಾಗಿದ್ದದ್ದು ಅದೇ ಪ್ರಶ್ನೆ. ಅಮ್ಮ ಕೊಯ್ದರೂ ಅಜ್ಜಿ ಕೊಯ್ದರೂ ಚೆಂಡಿನ ಲೆಕ್ಕ ಬದಲಾಗುತ್ತದಾ? ಇಲ್ಲ. ನಾವು ಹೇಳುತ್ತಿರುವುದು ಹೂವಿನ ವಿಷಯ. ಕೊಯ್ದವರು ಯಾರು ಅನ್ನುವುದು ಇಲ್ಲಿ ಬೇಕಿಲ್ಲ. ಬೇಕಿಲ್ಲದಾಗಲೇ ಪ್ಯಾಸಿವ್. 'ದೇ ಆರ್ ಟೈಡ್ ವಿತ್ ಬನಾನಾ ಫೈಬರ್.' 'ದಿ ಪ್ರೈಸ್ ಈಸ್ ಫಿಕ್ಸ್‌ಡ್ ಎವ್ರಿ ಡೇ.' ಪೀರಿಯಡ್ ಮುಗಿಯುವಾಗ ಅವರ ಪುಸ್ತಕದಲ್ಲಿ ಒಂದು ಪ್ಯಾರಾ ಇತ್ತು. ಪ್ಯಾಸಿವ್ ಯಾಕೆ ಬೇಕು ಅನ್ನುವುದೂ ತಲೆಗೆ ಹೋಗಿತ್ತು. 'ಬೈ' ಸೇರಿಸಿ ಕೊನೆಗೆ ಕರ್ತೃವನ್ನು ತರುವ ವಾಕ್ಯವನ್ನು ಮರುದಿನಕ್ಕೆ ಇಟ್ಟೆ. ಮೊದಲೇ 'ಬೈ' ಕಲಿಸಿದರೆ ಮಕ್ಕಳು ಎಲ್ಲ ಕಡೆ ಅದನ್ನು ಅಂಟಿಸುತ್ತಾರೆ.

ರಿಪೋರ್ಟೆಡ್ ಸ್ಪೀಚ್‌ಗೆ ಜುಲೈ ತಿಂಗಳೇ ಸರಿ. ಜೋರು ಮಳೆ ಬಂದರೆ ಇಡೀ ತರಗತಿಯ ಬಾಯಲ್ಲಿ ಒಂದೇ ಮಾತು, "ನಾಳೆ ರಜೆಯಂತೆ." ಡಿಸಿ ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ತಾನೇ ಅದು? ಕನ್ನಡದಲ್ಲಿ "ನಾಳೆ ರಜೆ ಇರುತ್ತದೆ ಅಂತ ಡಿಸಿ ಹೇಳಿದರು" ಅಂದರೆ ಆಯಿತು. ಆಡಿದ ಮಾತು ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ 'ವಿಲ್' ಹೋಗಿ 'ವುಡ್' ಆಗುತ್ತದೆ, 'ಟುಮಾರೊ' ಹೋಗಿ 'ದಿ ನೆಕ್ಸ್ಟ್ ಡೇ' ಆಗುತ್ತದೆ. ಮಕ್ಕಳು ಇಲ್ಲೇ ಎಡವುವುದು. ಅದಕ್ಕೆ ರಜೆ ಮುಗಿದು ಒಂದು ವಾರ ಕಳೆದ ಮೇಲೆ ಆ ದಿನದ ಬಗ್ಗೆ ಬರೆಯಲು ಹೇಳುತ್ತೇನೆ. ಒಬ್ಬ 'ಟುಮಾರೊ' ಅಂತಲೇ ಬರೆದಿದ್ದ. "ಹೌದಾ ಮಾರಾಯ, ನಾಳೆ ರಜೆಯಾ?" ಅಂತ ಕೇಳಿದೆ. ಪಕ್ಕದವರು ನಕ್ಕರು, ಅವನೇ ಹೊಡೆದು ಹಾಕಿ ಸರಿ ಮಾಡಿದ. ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಬೇಗ ಹಿಡಿಯುತ್ತದೆ.

'ಎ' ಮತ್ತು 'ದಿ' ವಿಷಯಕ್ಕೆ ಅಜ್ಜಿ ಕಥೆ ಸಾಕು. "ಒಂದು ಊರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ..." ಮೊದಲ ಸಲ ಬಂದಾಗ 'ಒಬ್ಬ', ಮತ್ತೆ ಬಂದಾಗ 'ಆ'. ತುಳುವಿನಲ್ಲೂ ಹೀಗೇ. ಮಕ್ಕಳಿಗೆ ಇದು ಮೊದಲೇ ಗೊತ್ತಿರುವ ವಿಷಯ. ಎಲ್ಲ ಕಡೆ ಈ ಲೆಕ್ಕ ನಡೆಯುವುದಿಲ್ಲ, 'ದಿ ಸನ್' ಅನ್ನುವಾಗ ನಡೆಯುವುದಿಲ್ಲ. ಆದರೂ ಎಂಟನೇ ತರಗತಿಯಲ್ಲಿ ಅರ್ಧ ದಾರಿ ಇದರಲ್ಲೇ ದಾಟಬಹುದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕಾದದ್ದು ವಾಕ್ಯ ತುಂಡು ಮಾಡುವುದಕ್ಕೆ. "ಬೆಳಿಗ್ಗೆ ಎದ್ದು, ಮಿಂದು, ತಿಂಡಿ ತಿಂದು, ಬಸ್ಸು ಹತ್ತಿ ಶಾಲೆಗೆ ಬಂದೆ." ಕನ್ನಡದಲ್ಲಿ ಎಷ್ಟು ಸಲೀಸು ಅಲ್ವಾ? ಪೂರ್ತಿ ಕ್ರಿಯಾಪದ ಕೊನೆಯಲ್ಲಿ ಒಂದೇ. ಇದೇ ಅಚ್ಚಿನಲ್ಲಿ ಇಂಗ್ಲಿಷ್ ಹೊಯ್ದರೆ 'ಐ ಗೆಟಿಂಗ್ ಅಪ್, ಬಾತಿಂಗ್, ಈಟಿಂಗ್' ಅಂತ ಬರುತ್ತದೆ. ನಾನು ಮಾಡಿಸುವುದು ಇಷ್ಟು. ಮೊದಲು ಕನ್ನಡ ವಾಕ್ಯವನ್ನೇ ಒಡೆಯಿರಿ. ಎದ್ದೆ. ಮಿಂದೆ. ತಿಂಡಿ ತಿಂದೆ. ಬಸ್ಸು ಹತ್ತಿದೆ. ಬಂದೆ. ಈಗ ಒಂದೊಂದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. 'ಐ ಗಾಟ್ ಅಪ್. ಐ ಹ್ಯಾಡ್ ಎ ಬಾತ್.' ಎಲ್ಲ ಬರೆದಾದ ಮೇಲೆ 'ದೆನ್', 'ಆಫ್ಟರ್ ದ್ಯಾಟ್', 'ಆ್ಯಂಡ್' ಹಾಕಿ ಎರಡೆರಡನ್ನು ಸೇರಿಸುತ್ತಾರೆ. ಹೀಗೆ ಒಡೆದು ಬರೆಯುವ ಮಕ್ಕಳ ಭೂತಕಾಲ ತಾನಾಗಿ ಸರಿಯಾಗುತ್ತಾ ಬರುತ್ತದೆ. ಪ್ರತಿ ವಾಕ್ಯಕ್ಕೂ ಒಂದು ಕ್ರಿಯಾಪದ ಹುಡುಕಲೇಬೇಕಲ್ಲ. 'ಡಿಡ್ ನಾಟ್ ಗೋ' ಅನ್ನುವ ಬದಲು ಬರೆಯುವ 'ಡಿಡ್ ನಾಟ್ ವೆಂಟ್' ಮಾತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೆ ದಿನಾ ಐದು ನಿಮಿಷ ಬಾಯಿಮಾತಿನಲ್ಲೇ ಪ್ರಶ್ನೆ, ಉತ್ತರ. ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಇನ್ನು ತಿದ್ದುವುದು. ಪುಟವಿಡೀ ಕೆಂಪು ಶಾಯಿ ಕಂಡರೆ ಮಗು ಪುಸ್ತಕ ಮುಚ್ಚಿಬಿಡುತ್ತದೆ. ವಾರಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿಯುತ್ತೇನೆ. ಈ ವಾರ ಕ್ರಿಯಾಪದ ಅಂದರೆ ಕ್ರಿಯಾಪದ ಮಾತ್ರ. ಸ್ಪೆಲ್ಲಿಂಗ್ ತಪ್ಪಿದ್ದರೂ ಮುಟ್ಟುವುದಿಲ್ಲ. ತಪ್ಪಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತೇನೆ, ಸರಿ ಉತ್ತರ ಬರೆಯುವುದಿಲ್ಲ. ಪಕ್ಕದಲ್ಲಿ ಕುಳಿತವರ ಜೊತೆ ಮಾತಾಡಿ ಅವರೇ ಸರಿ ಮಾಡಬೇಕು. "ಎಲ್ಲ ತಪ್ಪು ಯಾಕೆ ತೋರಿಸಲಿಲ್ಲ ಟೀಚರ್?" ಅಂತ ಕೇಳುವ ಅಪ್ಪ ಅಮ್ಮಂದಿರೂ ಇದ್ದಾರೆ. ಮಗುವಿನ ಜೂನ್ ತಿಂಗಳ ಪುಟ ಮತ್ತು ನವೆಂಬರ್ ಪುಟ ಎರಡನ್ನೂ ಮುಂದಿಟ್ಟು ತೋರಿಸುತ್ತೇನೆ.

ಪರೀಕ್ಷೆ ಹತ್ತಿರ ಬಂದಾಗ ಪತ್ರದ ನಮೂನೆ, ಪ್ರೊಫೈಲ್ (ಕೊಟ್ಟ ವಿವರದಿಂದ ವ್ಯಕ್ತಿಪರಿಚಯ ಬರೆಯುವುದು), ಕ್ವೆಶ್ಚನ್ ಟ್ಯಾಗ್ ('ಈಸಂಟ್ ಇಟ್?' ತರಹದ ಬಾಲಪ್ರಶ್ನೆ) ಎಲ್ಲ ಅಭ್ಯಾಸ ಮಾಡಿಸುತ್ತೇನೆ. ಅದು ಬೇಕೇ ಬೇಕು. ಗೈಡಿನ ವಿಷಯವನ್ನೂ ಕೊಡುತ್ತೇನೆ, ಆದರೆ ಊರಿಗೆ ತಂದು ಕೊಡುತ್ತೇನೆ. 'ಮಾಲಿನ್ಯ' ಅಂತ ಬಂದರೆ ಮಲ್ಪೆ ಬೀಚಿನಲ್ಲಿ ಕಂಡ ಪ್ಲಾಸ್ಟಿಕ್ ಬಗ್ಗೆ ಮೂರು ವಾಕ್ಯ ಇರಲೇಬೇಕು.

ಒಂದು ವಾಕ್ಯವೂ ಬರೆಯಲಾಗದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರಿಗೆ ಪ್ರಬಂಧ ಕೊಡುವುದಿಲ್ಲ. ದಿನಾ ಮೂರೇ ವಾಕ್ಯ. ನಿನ್ನೆ ಏನು ತಿಂದೆ, ಎಲ್ಲಿಗೆ ಹೋದೆ, ಯಾರನ್ನು ನೋಡಿದೆ. ಗೊತ್ತಿಲ್ಲದ ಪದವನ್ನು ಕನ್ನಡ ಅಕ್ಷರದಲ್ಲೇ ಬರೆದರೂ ಆಗುತ್ತದೆ. ಮರುದಿನ ಆ ಪದದ ಇಂಗ್ಲಿಷ್ ಹುಡುಕಿ ತರಬೇಕು. ದೀಪಾವಳಿ ರಜೆಯ ಹೊತ್ತಿಗೆ ಆ ಮೂರು ವಾಕ್ಯ ಆರೇಳು ಆಗಿರುತ್ತದೆ. ಅಲ್ಲಿಂದ ಮುಂದೆ ಅವರನ್ನೂ ಉಳಿದವರ ಜೊತೆ ಪ್ಯಾರಾ ಬರೆಯಲು ಕೂರಿಸುತ್ತೇನೆ.